ಜಗಲಿಯ ಮೇಲಿನ ಕುದುರೆ ಸವಾರ ಯಾರು?

ಅಂಗೈಯಷ್ಟೂ ಅಗಲವಿಲ್ಲದ ಬೆಳ್ಳಿ ತಗಡು. ಅದರಲ್ಲಿ ಉಬ್ಬಿಸಿದ ಕುದುರೆ, ಕುದುರೆಯ ಮೇಲೆ ಕತ್ತಿ ಹಿಡಿದ ಸವಾರ. ಬೆಳಗಾವಿ ಜಿಲ್ಲೆಯ ಅಥಣಿ, ಕಾಗವಾಡ, ರಾಯಬಾಗ ಕಡೆಯ ಎಷ್ಟೋ ಮನೆಗಳ ದೇವರ ಜಗಲಿಯಲ್ಲಿ ಇಂಥದ್ದು ಇರುತ್ತದೆ, ಟಾಕ ಎನ್ನುತ್ತಾರೆ. ಅಜ್ಜಿ ಇರುವತನಕ ಅದು ಯಾವ ದೇವರೆಂದು ಯಾರೂ ಕೇಳಿರುವುದಿಲ್ಲ. ಅಣ್ಣತಮ್ಮಂದಿರು ಪಾಲಾಗುವಾಗ ಪ್ರಶ್ನೆ ಏಳುತ್ತದೆ.

ಉತ್ತರ ತಗಡಿನಲ್ಲೇ ಇದೆ. ಸವಾರನ ಜತೆಗೆ ಅದೇ ಕುದುರೆಯ ಮೇಲೆ ಹೆಂಡತಿಯೂ ಕುಳಿತು, ಕುದುರೆಯ ಕಾಲ ಬಳಿ ನಾಯಿ ಇದ್ದರೆ ಅವನು ಖಂಡೋಬಾ, ಅಂದರೆ ನಮ್ಮ ಮೈಲಾರಲಿಂಗ, ಅವಳು ಮ್ಹಾಳಸಾ. ಹಾಗಿದ್ದರೆ ಆ ಮನೆಯವರ ನಡೆ ಮಂಗಸೂಳಿಯ ಮಲ್ಲಯ್ಯನಿಗೋ ದೂರದ ಜೇಜುರಿಗೋ ಇದ್ದಿರಬೇಕು. ಹೆಂಡತಿಯೂ ಇಲ್ಲ, ನಾಯಿಯೂ ಇಲ್ಲ, ಸವಾರ ಒಬ್ಬನೇ ಎಂದರೆ ಕೊಲ್ಲಾಪುರದ ಹತ್ತಿರದ ಜೋತಿಬಾ ಎಂದು ಊಹಿಸಬಹುದು.

ಜೈನರ ಮನೆಗಳ ಹಿತ್ತಾಳೆ ಮೂರ್ತಿಗಳು ಇನ್ನಷ್ಟು ಮಾತಾಡುತ್ತವೆ. ಪೀಠದ ಮುಂಭಾಗದಲ್ಲಿ ಜಿಂಕೆ ಇದ್ದರೆ ಶಾಂತಿನಾಥ, ಎತ್ತಿದ್ದರೆ ಆದಿನಾಥ, ಸಿಂಹವಿದ್ದರೆ ಮಹಾವೀರ. ತಲೆಯ ಮೇಲೆ ಹಾವಿನ ಏಳು ಹೆಡೆಗಳಿದ್ದರೆ ಪಾರ್ಶ್ವನಾಥ. ಪೀಠದ ಹಿಂದೆ ಬರಹವಿದ್ದರೆ ಅದೃಷ್ಟ: ಶಕವರ್ಷ ಕೊಟ್ಟಿದ್ದರೆ 78 ಕೂಡಿಸಿ, ವಿಕ್ರಮ ಸಂವತ್ ಆದರೆ 57 ಕಳೆಯಿರಿ, ಇಸವಿ ಸಿಗುತ್ತದೆ. ಮುಖ ನುಣ್ಣಗೆ ಸವೆದಿದೆಯೆಂದು ಬೇಸರಪಡಬೇಕಿಲ್ಲ. ಅದು ತಲೆಮಾರುಗಟ್ಟಲೆ ನಡೆದ ಅಭಿಷೇಕದ ಗುರುತು. ಆದರೆ ಹುಣಸೆಹಣ್ಣು, ಬೂದಿ ಹಚ್ಚಿ ಫಳಫಳ ಎನಿಸುವ ಹುರುಪು ಬೇಡ. ಉಳಿದಿರುವ ಸಣ್ಣ ಅಕ್ಷರಗಳೂ ಆ ತಿಕ್ಕಾಟದಲ್ಲಿ ಹೋಗುತ್ತವೆ.

ನಿಪ್ಪಾಣಿಯಿಂದ ಹೆದ್ದಾರಿ ಹಿಡಿದರೆ ಒಂದು ಗಂಟೆಯೊಳಗೆ ಸಿಗುವ ಕೊಲ್ಲಾಪುರದಲ್ಲಿ ಹಳೆಯ ವಸ್ತುಗಳನ್ನು ಗುರುತಿಸುವ ಬಗ್ಗೆ ಒಂದು ದೊಡ್ಡ ಪಾಠವಿದೆ. ಅಲ್ಲಿನ ರಾಜಾರಾಮ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಪ್ರೊ. ಕೆ.ಜಿ. ಕುಂದಣಗಾರರು ಬೆಳಗಾವಿ ಜಿಲ್ಲೆಯವರೇ. 1961ರಲ್ಲಿ ಗದಗಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು. 1940ರ ದಶಕದ ನಡುವೆ ಪಂಚಗಂಗೆಯ ದಂಡೆಯ ಬ್ರಹ್ಮಪುರಿ ದಿಬ್ಬದಲ್ಲಿ ಸಿಕ್ಕ ಕಂಚಿನ ವಸ್ತುಗಳ ರಾಶಿಯನ್ನು ವಿದ್ವಾಂಸರು ಅವರ ಹೆಸರಿನಿಂದಲೇ ಕರೆದರು. ಆನೆಯ ಮೇಲೆ ಕುಳಿತ ಸವಾರರು, ಕನ್ನಡಿ, ಹೂಜಿ, ಜತೆಗೆ ಗಡ್ಡದ ಒಂದು ಪುಟ್ಟ ಗಂಡು ಮೂರ್ತಿ. ಅದು ನಮ್ಮ ದೇವರಲ್ಲ, ಗ್ರೀಕರ ಸಮುದ್ರದೇವ ಪೊಸೈಡನ್! ಹೂಜಿಯನ್ನು ಇಟಲಿಯಲ್ಲಿ ಸಿಕ್ಕ ಹೂಜಿಗಳ ಪಕ್ಕ ಇಟ್ಟು ನೋಡಿದಾಗ ರೋಮನ್ ವ್ಯಾಪಾರದ ದಾರಿ ಕಂಡಿತು. ಪುರಾತತ್ವಜ್ಞರಾದ ಎಚ್.ಡಿ. ಸಾಂಕಳಿಯಾ ಮತ್ತು ಎಂ.ಜಿ. ದೀಕ್ಷಿತರು 1945–46ರಲ್ಲಿ ಅದೇ ದಿಬ್ಬವನ್ನು ಪದರ ಪದರವಾಗಿ ಅಗೆದು ಸಾತವಾಹನರ ಕಾಲದ ಊರನ್ನು ತೋರಿಸಿದರು. ಆ ಮೂರ್ತಿ ಗುಜರಿಯವನ ತಕ್ಕಡಿ ಏರಿದ್ದರೆ ಒಂದಿಷ್ಟು ಕಂಚು, ಅಷ್ಟೇ.

ತಕ್ಕಡಿಯೂ ಉಪಯೋಗಕ್ಕೆ ಬರುತ್ತದೆನ್ನಿ, ಮಾರುವ ಮೊದಲು ತೂಗಿದರೆ. ಅಟ್ಟದ ಮೇಲಿನ ಕಬ್ಬಿಣದ ಗುಂಡು ಸುಮಾರು 933 ಗ್ರಾಂ ತೂಗಿದರೆ ಅದು 80 ತೊಲೆಯ ಸೇರು. ಒಂದು ತೊಲೆ 11.66 ಗ್ರಾಂ, ಬ್ರಿಟಿಷರ ಬೆಳ್ಳಿ ರೂಪಾಯಿಯ ತೂಕವೂ ಅಷ್ಟೇ. ಹಾಗಾಗಿ ತೂಕದ ಕಲ್ಲಿಲ್ಲದ ಅಂಗಡಿಯವರಿಗೆ ನಾಣ್ಯವೇ ಕಲ್ಲಾಗುತ್ತಿತ್ತು. 1958ರಿಂದ ಹಂತಹಂತವಾಗಿ ಕಿಲೋ ಬಂದ ಮೇಲೆ ಇವೆಲ್ಲ ಬಾಗಿಲಿಗೆ ಒತ್ತು ಕೊಡುವ ಗುಂಡುಗಳಾದವು. ಇನ್ನು ಹಳೆ ನಾಣ್ಯಗಳ ಮಾತು: ನಾಗರಿಯಲ್ಲಿ ಒಂದು ಮಗ್ಗುಲು ‘ಶ್ರೀ ರಾಜಾ ಶಿವ’, ಇನ್ನೊಂದು ಮಗ್ಗುಲು ‘ಛತ್ರಪತಿ’ ಎಂದಿರುವ ತಾಮ್ರದ ಬಿಲ್ಲೆ ಶಿವರಾಯಿ. ಶಿವಾಜಿಯೇ ಟಂಕಿಸಿದ್ದೆಂದು ಕುಣಿಯಬೇಡಿ. ಪೇಶ್ವೆಗಳ ಕಾಲದಲ್ಲೂ ಅದೇ ಹೆಸರಿನಲ್ಲಿ ರಾಶಿಗಟ್ಟಲೆ ಹೊರಬಂದಿವೆ.

ನನಗೆ ಇವೆಲ್ಲಕ್ಕಿಂತ ಹೆಚ್ಚು ಕಾಳಜಿ ಇರುವುದು ಬೆಲೆಯೇ ಇಲ್ಲದ ವಸ್ತುಗಳ ಬಗ್ಗೆ. ನಿಪ್ಪಾಣಿಯ ಹಳೆ ಮನೆಗಳಲ್ಲಿ ಬೆರಳುದ್ದದ ಚೌಕ ತಗಡೊಂದು ಸಿಗಬಹುದು. ಅಕ್ಷರವಿಲ್ಲ, ಚಿತ್ರವಿಲ್ಲ, ಅಂಚು ಮಾತ್ರ ಸವೆದಿರುತ್ತದೆ. ಬೀಡಿ ಕಟ್ಟುವ ಹೆಣ್ಣುಮಕ್ಕಳು ಎಲೆಯ ಮೇಲೆ ಅದನ್ನಿಟ್ಟು ಸುತ್ತ ಕತ್ತರಿ ಆಡಿಸುತ್ತಿದ್ದರು. ಅದನ್ನು ಗುರುತಿಸಲು ಪುಸ್ತಕ ಸಾಲದು, ಬೀಡಿ ಕಟ್ಟಿದ ಅತ್ತೆಯೋ ಅಜ್ಜಿಯೋ ಬೇಕು. ಅವರು ಇರುವಾಗಲೇ ಕೇಳಿ ಬರೆದಿಡಿ.

ತಾಮ್ರಪಟದಂಥ ಬರಹವಿದ್ದರೆ ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಗೆ ತೋರಿಸಬಹುದು. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಎರಡೂ ಮಗ್ಗುಲಿನ ಫೋಟೊ ತೆಗೆಯಿರಿ. ಯಾವ ಕೋಣೆ, ಯಾವ ಪೆಟ್ಟಿಗೆ, ಜತೆಗೆ ಇನ್ನೇನಿತ್ತು ಎಂಬುದನ್ನೂ ಬರೆಯಿರಿ. ಪಾಯ ತೋಡುವಾಗ ನೆಲದಲ್ಲಿ ಸಿಕ್ಕಿದ್ದಾದರೆ ಮಾತು ಬೇರೆ: ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ನೂರು ವರ್ಷ ದಾಟಿದ ಮೂರ್ತಿಯನ್ನು ಖಾಸಗಿಯಾಗಿ ವಿದೇಶಕ್ಕೆ ಸಾಗಿಸುವುದನ್ನು 1972ರ ಪ್ರಾಚ್ಯವಸ್ತು ಕಾಯ್ದೆ ನಿಷೇಧಿಸಿದೆ, ಅಮೆರಿಕದಲ್ಲಿರುವ ಮಗ ಎಷ್ಟೇ ಕೇಳಲಿ.