ಕೊನೆಗಾಲದ ಆರೈಕೆ: ಚಿಕ್ಕ ಸಂಸ್ಥೆಯೊಂದನ್ನು ಪರೀಕ್ಷಿಸುವ ಬಗೆ

ಚೀಲದ ಮೇಲಿನ ಒಂದು ಹಿಡಿ ನೋಡಿ ಅಡಿಕೆಗೆ ಯಾರೂ ದರ ಕಟ್ಟುವುದಿಲ್ಲ. ತಳದವರೆಗೆ ಕೈಹಾಕಿ, ನಾಲ್ಕು ಅಡಿಕೆ ಕತ್ತರಿಸಿ ನೋಡಿದ ಮೇಲೆಯೇ ರಾಶಿಯೋ, ಬೆಟ್ಟೆಯೋ, ಗೊರಬಲೋ ಎಂಬ ತೀರ್ಮಾನ. ಕಾಫಿಯಾದರೆ ತೇವಾಂಶ ನೋಡಬೇಕು, ಔಟ್‌ಟರ್ನ್ ತೆಗೆಯಬೇಕು. ಬೆಳೆಯ ವಿಷಯದಲ್ಲಿ ಇಷ್ಟು ಜಾಗರೂಕರಾದ ನಾವು, ಮನೆಯವರೊಬ್ಬರಿಗೆ ಗುಣವಾಗದ ಕಾಯಿಲೆ ಬಂದಾಗ ಅವರ ಉಳಿದ ದಿನಗಳನ್ನು ಯಾರ ಕೈಗೆ ಒಪ್ಪಿಸುತ್ತಿದ್ದೇವೆ ಎಂಬುದನ್ನು ವಿಚಾರಿಸುವುದು ಬಹಳ ಕಡಿಮೆ. ಗಾಬರಿಯಲ್ಲಿ ಯಾರೋ ಹೇಳಿದ ಕಡೆಗೆ ಓಡುತ್ತೇವೆ.

ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ "ಇನ್ನು ಮಾಡುವುದಕ್ಕೇನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ" ಎಂದು ಹೇಳಿದ ದಿನ ನಮ್ಮ ಮುಂದೆ ಎರಡೇ ದಾರಿ ಇರುವಂತೆ ಕಾಣುತ್ತದೆ. ಒಂದು, ಬೆಳೆಯ ಮೇಲೆ ಮುಂಗಡ ಎತ್ತಿ, ತೋಟದ ಸಿಲ್ವರ್ ಓಕ್ ಮರ ಮಾರಿ, ಬೇರೆ ಆಸ್ಪತ್ರೆಯ ತೀವ್ರ ನಿಗಾ ಘಟಕಕ್ಕೆ ಸೇರಿಸುವುದು. ಇನ್ನೊಂದು, ಮನೆಯ ಮೂಲೆಯ ಕೋಣೆಯಲ್ಲಿ ಮಲಗಿಸಿ, ನರಳಾಟ ಕೇಳುತ್ತ ಕೂಡುವುದು. ಮೂರನೆಯ ದಾರಿಯೊಂದು ಇದೆ. ಅದೇ ಉಪಶಮನ ಆರೈಕೆ. ಈಗ ಅಲ್ಲಲ್ಲಿ ಇಂತಹ ಆರೈಕೆ ನೀಡುವ ಸಣ್ಣ ಸಂಸ್ಥೆಗಳು, ಟ್ರಸ್ಟುಗಳು ಕೆಲಸ ಮಾಡುತ್ತಿವೆ. ಅವುಗಳಲ್ಲಿ ಒಳ್ಳೆಯದು ಯಾವುದು ಎಂದು ತಿಳಿಯುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಹಿನ್ನೆಲೆ

ಕಾಯಿಲೆಯನ್ನು ಗುಣಪಡಿಸಲಾಗದಿದ್ದರೂ ನೋವು, ಉಬ್ಬಸ, ವಾಂತಿ, ಹುಣ್ಣು, ಭಯ ಇವುಗಳನ್ನು ಕಡಿಮೆ ಮಾಡಿ, ಇರುವಷ್ಟು ದಿನ ಮನುಷ್ಯನನ್ನು ಮನುಷ್ಯನಂತೆ ಬದುಕಗೊಡುವುದು ಈ ಆರೈಕೆಯ ಉದ್ದೇಶ. ಡಾ. ಸಿಸಿಲಿ ಸಾಂಡರ್ಸ್ ಎಂಬ ಮಹಿಳೆ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದದ್ದು ಆಧುನಿಕ ಪದ್ಧತಿಯ ಆರಂಭ. ನಮ್ಮ ದೇಶದಲ್ಲಿ 1986ರಲ್ಲಿ ಮುಂಬಯಿಯಲ್ಲಿ ಶಾಂತಿ ಅವೇದನಾ ಕೇಂದ್ರ ಆರಂಭವಾಯಿತು. ಬೆಂಗಳೂರಿನ ಕರುಣಾಶ್ರಯ, ಕೈಮೀರಿದ ಕ್ಯಾನ್ಸರ್ ರೋಗಿಗಳನ್ನು ಶುಲ್ಕವಿಲ್ಲದೆ ನೋಡಿಕೊಳ್ಳುತ್ತಿದೆ.

ಆದರೆ ಮಲೆನಾಡಿನ ರೋಗಿಯನ್ನು ಘಟ್ಟ ಇಳಿಸಿಯೋ, ಬೆಂಗಳೂರಿಗೆ ಸಾಗಿಸಿಯೋ ಕೊನೆಯ ವಾರಗಳನ್ನು ಅಲ್ಲಿ ಕಳೆಯಿಸುವುದು ಎಲ್ಲರಿಗೂ ಆಗುವ ಮಾತಲ್ಲ. ಹೆಚ್ಚಿನ ಹಿರಿಯರಿಗೆ ತಮ್ಮ ಅಂಗಳ ಕಾಣುವ ಕಡೆಯೇ ಇರಬೇಕೆಂಬ ಆಸೆ. ಆದ್ದರಿಂದ ಮನೆಗೆ ಬರುವ ಚಿಕ್ಕ ಸಂಸ್ಥೆಯೇ ನಮಗೆ ಹೆಚ್ಚು ಉಪಯುಕ್ತ.

ಚಿಕ್ಕದೆಂಬುದು ದೋಷವಲ್ಲ ಎಂಬುದಕ್ಕೆ ನೆರೆಯ ಕೇರಳವೇ ಸಾಕ್ಷಿ. 1993ರಲ್ಲಿ ಕೋಯಿಕ್ಕೋಡಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ಸಣ್ಣದಾಗಿ ಆರಂಭಿಸಿದ ಕೆಲಸ ಊರೂರಿಗೆ ಹಬ್ಬಿತು. ಊರಿನವರೇ ತರಬೇತಿ ಪಡೆದು ಸ್ವಯಂಸೇವಕರಾದರು. 2008ರಲ್ಲಿ ಕೇರಳ ಸರ್ಕಾರ ಉಪಶಮನ ಆರೈಕೆಗೆಂದೇ ನೀತಿಯೊಂದನ್ನು ಪ್ರಕಟಿಸಿತು. ಅಲ್ಲಿ ಪಂಚಾಯತಿಗಳೇ ದಾದಿಯರನ್ನು ನೇಮಿಸಿ ಮನೆಮನೆಗೆ ಕಳುಹಿಸುತ್ತವೆ. ಇದಕ್ಕೆ ದೊಡ್ಡ ಕಟ್ಟಡ ಬೇಕಾಗಲಿಲ್ಲ.

ಎರಡು ಸಂಸ್ಥೆಗಳು, ಒಂದು ಮನೆ

ಉದಾಹರಣೆಗೆ ಮೂರೆಕರೆ ತೋಟದ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಎಪ್ಪತ್ತು ದಾಟಿದ ಯಜಮಾನರಿಗೆ ಗಂಟಲಿನ ಕ್ಯಾನ್ಸರ್. ನಾಲ್ಕು ರಾತ್ರಿಯಿಂದ ನಿದ್ರೆಯಿಲ್ಲ. ಮಗ ಎರಡು ಸಂಸ್ಥೆಗಳನ್ನು ನೋಡಿ ಬರುತ್ತಾನೆ. ಮೊದಲನೆಯದಕ್ಕೆ ಟೈಲ್ಸ್ ಹಾಕಿದ ಕಟ್ಟಡ, ಹೆಸರು ಬರೆದ ವ್ಯಾನು, ಗೋಡೆಯ ತುಂಬ ಸಮಾರಂಭದ ಫೋಟೋಗಳಿವೆ. ಎರಡನೆಯದು ಬಾಡಿಗೆಯ ಒಂದು ಕೋಣೆ. ಪೂರ್ಣಕಾಲದ ಒಬ್ಬ ದಾದಿ, ವಾರಕ್ಕೆ ಎರಡು ದಿನ ಬರುವ ವೈದ್ಯರು, ಒಂದು ಹಳೆಯ ಜೀಪು, ಇಷ್ಟೇ. ಯಾವುದು ಮೇಲು? ಹೊರನೋಟದಿಂದ ಹೇಳಲು ಬರುವುದಿಲ್ಲ. ಮಗ ಈ ಕೆಳಗಿನ ಪ್ರಶ್ನೆಗಳನ್ನು ಕೇಳಬೇಕು.

1. ಮಾರ್ಫಿನ್ ಇದೆಯೇ?

ಇದು ಮೊದಲ ಪ್ರಶ್ನೆ. ಕ್ಯಾನ್ಸರಿನ ತೀವ್ರ ನೋವಿಗೆ ಸಾಮಾನ್ಯ ಜ್ವರದ ಮಾತ್ರೆ ಸಾಲದು. ನೋವಿನ ಬಲ ಹೆಚ್ಚಿದಂತೆ ಮದ್ದಿನ ಬಲವನ್ನೂ ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿದೆ. ಮೇಲಿನ ಮೆಟ್ಟಿಲಲ್ಲಿರುವುದು ಬಾಯಿಯಿಂದ ಕೊಡುವ ಮಾರ್ಫಿನ್.

ಇದು ಗಸಗಸೆ ಗಿಡದ ಅಫೀಮಿನಿಂದ ಬರುವ ಮದ್ದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ರೈತರು ಸರ್ಕಾರದ ಪರವಾನಗಿ ಪಡೆದು ಈ ಬೆಳೆ ತೆಗೆಯುತ್ತಾರೆ. ನಮ್ಮ ದೇಶದಲ್ಲೇ ಬೆಳೆಯುವ ಗಿಡದ ಮದ್ದು ನಮ್ಮ ರೋಗಿಗಳಿಗೇ ಸಿಗದಿರುವುದಕ್ಕೆ ಮುಖ್ಯ ಕಾರಣ 1985ರ ಮಾದಕ ದ್ರವ್ಯ ಕಾನೂನಿನ ಬಿಗಿ. ಹಲವು ಪರವಾನಗಿಗಳ ಗೋಜಿಗೆ ಹೆದರಿ ಆಸ್ಪತ್ರೆಗಳೂ ಔಷಧಿ ಅಂಗಡಿಗಳೂ ಅದನ್ನು ಇಡುವುದನ್ನೇ ಬಿಟ್ಟವು. 2014ರ ತಿದ್ದುಪಡಿಯಿಂದ ಈ ತೊಡಕು ಸಡಿಲಗೊಂಡಿತು. ಈಗ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ ಇದನ್ನು ದಾಸ್ತಾನು ಇಡಬಹುದು.

ಆದ್ದರಿಂದ ಸಂಸ್ಥೆಗೆ ಈ ಮಾನ್ಯತೆ ಇದೆಯೇ, ಇಲ್ಲವಾದರೆ ಯಾವ ಆಸ್ಪತ್ರೆಯಿಂದ ತರಿಸಿಕೊಡುತ್ತಾರೆ, ಎಷ್ಟು ದಿನ ಬೇಕು ಎಂದು ಕೇಳಬೇಕು. "ಅದೆಲ್ಲ ಬೇಡ, ಚಟವಾಗುತ್ತದೆ" ಎಂದು ಉತ್ತರ ಬಂದರೆ ಅಲ್ಲಿಗೆ ಕಾಗದ ಮಡಚಬಹುದು. ವೈದ್ಯರು ಅಳೆದು ಕೊಡುವ ಮದ್ದನ್ನು ಚಟದ ಹೆದರಿಕೆಯಿಂದ ಸಾಯುತ್ತಿರುವವರಿಗೆ ನಿರಾಕರಿಸುವುದು ನ್ಯಾಯವಲ್ಲ.

ತಿಳಿದವರು ಕೊಡುವ ರೀತಿಯನ್ನೂ ಗಮನಿಸಬಹುದು. ಸಾಮಾನ್ಯ ಮಾರ್ಫಿನ್ ಮಾತ್ರೆಯ ಶಕ್ತಿ ಸುಮಾರು 4 ಗಂಟೆ. ಆದ್ದರಿಂದ ನೋವು ಬರಲೆಂದು ಕಾಯದೆ ಗಡಿಯಾರ ನೋಡಿ ಕೊಡಬೇಕು. ಇದರಿಂದ ಮಲಬದ್ಧತೆ ಬಹುತೇಕ ಖಂಡಿತ. ಅದಕ್ಕೆ ಬೇಧಿ ಮಾತ್ರೆಯನ್ನು ಮೊದಲ ದಿನದಿಂದಲೇ ಜೊತೆಗೆ ಬರೆಯದ ವೈದ್ಯರಿಗೆ ಈ ಕೆಲಸದ ಅನುಭವ ಕಡಿಮೆ ಎಂದು ತಿಳಿಯಬಹುದು.

2. ಮೊದಲ ಭೇಟಿಯಲ್ಲಿ ಏನು ಮಾಡುತ್ತಾರೆ?

ಒಳ್ಳೆಯ ದಾದಿ ಬಂದ ಕೂಡಲೇ ಮಗನನ್ನಲ್ಲ, ರೋಗಿಯನ್ನು ಮಾತನಾಡಿಸುತ್ತಾಳೆ. ನೋವು ಎಲ್ಲಿ, ಯಾವಾಗ ಹೆಚ್ಚು ಎಂದು ಕೇಳುತ್ತಾಳೆ. ಸೊನ್ನೆಯಿಂದ ಹತ್ತರವರೆಗೆ ಎಷ್ಟು ಎಂದು ಕೇಳಿ ಬರೆದಿಟ್ಟುಕೊಳ್ಳುತ್ತಾಳೆ. ಬಾಯಿಯೊಳಗೆ ಹುಣ್ಣಿದೆಯೇ, ಬೆನ್ನು ಮತ್ತು ಸೊಂಟದ ಚರ್ಮ ಕೆಂಪಾಗಿದೆಯೇ, ಮಲಮೂತ್ರ ಸರಿಯಾಗಿದೆಯೇ, ನಿದ್ರೆ ಬರುತ್ತದೆಯೇ ಎಂದು ಒಂದೊಂದಾಗಿ ನೋಡುತ್ತಾಳೆ. ಕಾಯಿಲೆಯ ಬಗ್ಗೆ ರೋಗಿಗೆ ಏನು ಗೊತ್ತಿದೆ, ಏನು ತಿಳಿಯಬೇಕೆಂದಿದೆ ಎಂಬುದನ್ನೂ ನಾಜೂಕಾಗಿ ವಿಚಾರಿಸುತ್ತಾಳೆ. ಹೋಗುವಾಗ ಯಾವ ಮದ್ದು, ಎಷ್ಟು, ಎಷ್ಟು ಗಂಟೆಗೆ ಎಂದು ಕನ್ನಡದಲ್ಲಿ ಬರೆದ ಚೀಟಿಯನ್ನು ಮನೆಯಲ್ಲಿ ಬಿಟ್ಟುಹೋಗುತ್ತಾಳೆ. ಇದಕ್ಕೆಲ್ಲ ಒಂದು ಗಂಟೆಯಾದರೂ ಬೇಕು. ಹತ್ತು ನಿಮಿಷದಲ್ಲಿ ರಕ್ತದೊತ್ತಡ ನೋಡಿ ಹೊರಡುವುದು ಭೇಟಿಯ ಲೆಕ್ಕ ತುಂಬಲು ಮಾತ್ರ.

3. ರಾತ್ರಿ ಎರಡಕ್ಕೆ ಫೋನ್ ಎತ್ತುವವರು ಯಾರು?

ಸಂಕಟ ಕಚೇರಿ ವೇಳೆ ನೋಡಿ ಬರುವುದಿಲ್ಲ. ಸಂಜೆ ಆರಕ್ಕೆ ಬಾಗಿಲು ಹಾಕುವ ಸಂಸ್ಥೆಯ ರೋಗಿ ರಾತ್ರಿ ಮತ್ತೆ ಅದೇ ಆಸ್ಪತ್ರೆಯ ತುರ್ತು ವಿಭಾಗದ ಬಾಗಿಲಿಗೆ ಹೋಗುತ್ತಾನೆ. ರಾತ್ರಿ ಜೀಪು ಬರಲೇಬೇಕೆಂದಿಲ್ಲ. ಫೋನ್ ಎತ್ತಿ, "ಈ ಮಾತ್ರೆಯನ್ನು ಇನ್ನೊಂದು ಕೊಡಿ, ತಲೆ ಎತ್ತರಿಸಿ ಮಲಗಿಸಿ, ಬೆಳಿಗ್ಗೆ ಬರುತ್ತೇವೆ" ಎಂದು ಹೇಳುವ, ರೋಗಿಯ ವಿವರ ಬಲ್ಲ ಒಬ್ಬರು ಇದ್ದರೆ ಬಹಳ ಮಟ್ಟಿಗೆ ಸಾಕು.

ನಮ್ಮ ಕಡೆ ಇದಕ್ಕೆ ಮಳೆಗಾಲವನ್ನೂ ಸೇರಿಸಿ ಕೇಳಬೇಕು. ಆಷಾಢದಲ್ಲಿ ಮರ ಬಿದ್ದು ರಸ್ತೆ ಕಟ್ಟಿ, ಕರೆಂಟು ಹೋಗಿ, ಫೋನಿಗೆ ಸಿಗ್ನಲ್ಲೂ ಇಲ್ಲದ ದಿನಗಳಲ್ಲಿ ಏನು ವ್ಯವಸ್ಥೆ? ಮುಂದಾಲೋಚನೆಯುಳ್ಳ ಸಂಸ್ಥೆ ಮಳೆ ಹಿಡಿಯುವ ಮೊದಲೇ ಅಗತ್ಯದ ಮದ್ದನ್ನು ಮನೆಯಲ್ಲಿ ಇರಿಸಿ, ಯಾವ ಲಕ್ಷಣಕ್ಕೆ ಯಾವುದೆಂದು ಮನೆಯ ಇಬ್ಬರಿಗೆ ಕಲಿಸಿರುತ್ತದೆ.

4. ಮನೆಯವರಿಗೆ ಏನು ಕಲಿಸುತ್ತಾರೆ?

ದಾದಿ ಬರುವುದು ವಾರಕ್ಕೆ ಒಂದೆರಡು ಸಲ. ಉಳಿದ ಹೊತ್ತು ನೋಡಿಕೊಳ್ಳುವವರು ಮನೆಯ ಹೆಂಗಸರು, ಹೆಚ್ಚಾಗಿ ಸೊಸೆ ಅಥವಾ ಹೆಂಡತಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಬಾಯಿ ಶುಚಿ ಮಾಡುವುದು, ಗಾಯ ಕಟ್ಟುವುದು, ಹಾಸಿಗೆಯಿಂದ ಇಳಿಸದೆ ಹೊದಿಕೆ ಬದಲಿಸುವುದು, ಇವನ್ನು ಮಾಡಿ ತೋರಿಸಿ, ಅವರ ಕೈಯಿಂದಲೇ ಒಮ್ಮೆ ಮಾಡಿಸಿ ನೋಡಬೇಕು. ಕ್ಯಾನ್ಸರ್ ಹುಣ್ಣಿನ ದುರ್ವಾಸನೆ ತಡೆಯಲು ಮೆಟ್ರೊನಿಡಜೋಲ್ ಮಾತ್ರೆಯನ್ನು ಪುಡಿಮಾಡಿ ಹುಣ್ಣಿಗೆ ಹಾಕುವ ಅಗ್ಗದ ಉಪಾಯವಿದೆ. ವೈದ್ಯರ ಸಲಹೆಯಂತೆ ಇದನ್ನು ಕಲಿಸಿಕೊಟ್ಟರೆ, ವಾಸನೆಗೆ ಹೆದರಿ ದೂರವಾದ ಮೊಮ್ಮಕ್ಕಳೂ ಹಾಸಿಗೆಯ ಬಳಿ ಬರುತ್ತಾರೆ.

"ನೀವು ಊಟ ಮಾಡಿದಿರಾ? ರಾತ್ರಿ ಎಷ್ಟು ಹೊತ್ತು ಮಲಗಿದಿರಿ?" ಎಂದು ಆ ಸೊಸೆಯನ್ನು ಕೇಳುವ ದಾದಿಯ ಸಂಸ್ಥೆಯನ್ನು ನಂಬಬಹುದು.

5. ಲೆಕ್ಕದ ಪುಸ್ತಕ ತೋರಿಸುತ್ತಾರೆಯೇ?

ವೈದ್ಯರು ಮತ್ತು ದಾದಿಯರ ಹೆಸರು ಆಯಾ ರಾಜ್ಯ ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕು. ಹಾಸಿಗೆಗಳನ್ನು ಇಟ್ಟು ರೋಗಿಗಳನ್ನು ಸೇರಿಸಿಕೊಳ್ಳುವ ಖಾಸಗಿ ಸಂಸ್ಥೆಯಾದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾನೂನಿನಡಿ ನೋಂದಣಿ ಪತ್ರ ಇರಬೇಕು. ಟ್ರಸ್ಟ್ ಆದರೆ ಲೆಕ್ಕ ತಪಾಸಣೆಯ ವರದಿ ಕೇಳಬಹುದು. ಸಹಕಾರ ಸಂಘದ ಸದಸ್ಯರಾದ ನಮಗೆ ಇದು ಹೊಸದಲ್ಲ.

ಇದರ ಜೊತೆಗೆ ಕೆಲಸದ ಲೆಕ್ಕವೂ ಬೇಕು. ಕರೆ ಬಂದ ಎಷ್ಟನೆಯ ದಿನ ಮೊದಲ ಭೇಟಿ ಆಯಿತು? ಆರಂಭದಲ್ಲಿ ಎಂಟು ಇದ್ದ ನೋವು ಮೂರು ದಿನದ ಮೇಲೆ ಎಷ್ಟಕ್ಕೆ ಇಳಿಯಿತು? ಆರೈಕೆ ಶುರುವಾದ ಮೇಲೆ ಎಷ್ಟು ಜನರಿಗೆ ಹಾಸಿಗೆ ಹುಣ್ಣು ಹೊಸದಾಗಿ ಬಂತು? ಎಷ್ಟು ಮಂದಿ ತಾವು ಬಯಸಿದ ಕಡೆಯೇ ಕಣ್ಣುಮುಚ್ಚಿದರು? ನಲವತ್ತು ರೋಗಿಗಳನ್ನು ನೋಡುವ ಸಂಸ್ಥೆಗೆ ಇದನ್ನು ಬರೆದಿಡಲು ಒಂದು ನೋಟ್ ಪುಸ್ತಕ ಸಾಕು. ಆದರೆ ಚಿಕ್ಕ ಸಂಸ್ಥೆಯ ಒಂದು ತಿಂಗಳ ಅಂಕಿಯಿಂದ ತೀರ್ಪು ಕೊಡಬಾರದು. ಒಬ್ಬಿಬ್ಬರು ಕಠಿಣ ರೋಗಿಗಳು ಬಂದರೆ ಲೆಕ್ಕ ಏರುಪೇರಾಗುತ್ತದೆ. ಕೊನೆಯ ಎರಡು ದಿನಕ್ಕೆ ಕರೆಸಿದ ಮನೆಯವರ ತಡವನ್ನು ಸಂಸ್ಥೆಯ ತಲೆಗೆ ಕಟ್ಟುವುದೂ ಸರಿಯಲ್ಲ. ಒಂದು ವರ್ಷದ ಲೆಕ್ಕ ನೋಡಬೇಕು. ಅವರು ಹೇಳಿದ ಒಂದು ಮನೆಯನ್ನಷ್ಟೇ ಅಲ್ಲದೆ, ನಾವೇ ಪತ್ತೆ ಮಾಡಿದ ಎರಡು ಮನೆಗಳನ್ನೂ ವಿಚಾರಿಸಬೇಕು.

ಹಣದ ವಿಷಯ ಮೊದಲೇ ಬರವಣಿಗೆಯಲ್ಲಿರಲಿ. ದೇಣಿಗೆ ಸ್ವಂತ ಇಷ್ಟದ್ದಾಗಿರಬೇಕು. ಗುಣಪಡಿಸುತ್ತೇವೆಂದು ಭರವಸೆ ಕೊಡುವವರಿಂದಲೂ, ಒಪ್ಪಿಗೆಯಿಲ್ಲದೆ ರೋಗಿಯ ಫೋಟೋ ತೆಗೆಯುವವರಿಂದಲೂ ದೂರ ಇರುವುದು ಲೇಸು. "ಇಷ್ಟು ನಮ್ಮಿಂದ ಆಗುತ್ತದೆ, ಇದು ಆಗುವುದಿಲ್ಲ, ಅದಕ್ಕೆ ಇಂಥ ಆಸ್ಪತ್ರೆಗೆ ಕಳುಹಿಸುತ್ತೇವೆ" ಎಂದು ಬಾಯಿಬಿಟ್ಟು ಹೇಳುವ ಸಂಸ್ಥೆಯೇ ಮೇಲು.

6. ಲೈನ್ ಮನೆಗೂ ಹೋಗುತ್ತಾರೆಯೇ?

ತೋಟದ ಮಾಲೀಕರ ಮನೆಗೆ ಹೋದ ಜೀಪು ಕೂಲಿ ಲೈನಿಗೂ ಹೋಗುತ್ತದೆಯೇ ಎಂದು ತಪ್ಪದೆ ಕೇಳಬೇಕು. ನಮ್ಮ ತೋಟದಲ್ಲಿ ಮೂವತ್ತು ವರ್ಷ ಹಣ್ಣು ಕೊಯ್ದ ಹೆಂಗಸಿನ ನೋವು ಯಜಮಾನರ ನೋವಿಗಿಂತ ಕಡಿಮೆಯದಲ್ಲ. ಅವಳಿಗೂ ಅದೇ ಮದ್ದು, ಅದೇ ಒಂದು ಗಂಟೆ, ಅದೇ ರಾತ್ರಿಯ ಫೋನ್ ಸಿಗುತ್ತದೆಯಾದರೆ ಆ ಸಂಸ್ಥೆಯ ಗುಣದ ಬಗ್ಗೆ ಹೆಚ್ಚು ವಿಚಾರಿಸಬೇಕಾಗಿಲ್ಲ. ಹೋಗದಿದ್ದರೆ, ಅಡ್ಡಿ ಸಂಸ್ಥೆಯದೋ ನಮ್ಮದೋ ಎಂಬುದನ್ನೂ ನೋಡಿಕೊಳ್ಳಬೇಕಾಗುತ್ತದೆ.

ಸಾವಿನ ನಂತರ

ಒಳ್ಳೆಯ ಸಂಸ್ಥೆಯ ಕೆಲಸ ಸಾವಿನ ದಿನಕ್ಕೆ ಮುಗಿಯುವುದಿಲ್ಲ. ಮನೆಯಲ್ಲಿ ಸಾವು ಸಂಭವಿಸಿದಾಗ ನೋಡಿಕೊಂಡ ವೈದ್ಯರು ಸಾವಿನ ಕಾರಣದ ಪತ್ರ ಬರೆದುಕೊಡಬೇಕು. 21 ದಿನದೊಳಗೆ ಮರಣ ನೋಂದಣಿಯಾಗಬೇಕು. ಇದು ತಪ್ಪಿದರೆ ಮುಂದೆ ಪೌತಿ ಖಾತೆಗೂ ಸಂಘದ ಸಾಲದ ಬಾಬ್ತಿಗೂ ಅಲೆದಾಟ ತಪ್ಪಿದ್ದಲ್ಲ. ಕೆಲವು ವಾರ ಕಳೆದ ಮೇಲೆ ದಾದಿ ಇನ್ನೊಮ್ಮೆ ಬಂದು, ಉಳಿದವರು ಹೇಗಿದ್ದಾರೆಂದು ಕೇಳಿ ಹೋಗುವುದೂ ಈ ಆರೈಕೆಯ ಭಾಗವೇ.

ಸದಸ್ಯರಲ್ಲಿ ವಿನಂತಿ

ಮೇಲಿನ ಉದಾಹರಣೆಯ ಬಾಡಿಗೆ ಕೋಣೆಯ ಸಂಸ್ಥೆ ಈ ಪ್ರಶ್ನೆಗಳಿಗೆ ಸರಿಯಾದ ಉತ್ತರ ಕೊಟ್ಟು, ಟೈಲ್ಸ್ ಕಟ್ಟಡದವರು ತಡವರಿಸಿದರೆ ಮಗ ಯಾರನ್ನು ಕರೆಯಬೇಕೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಮನೆಯಲ್ಲಿ ನರಳಾಟ ಶುರುವಾದ ಮೇಲೆ ಇಷ್ಟೆಲ್ಲ ವಿಚಾರಿಸಲು ವ್ಯವಧಾನ ಎಲ್ಲಿಂದ ಬರಬೇಕು? ಆದ್ದರಿಂದ ಕೊಯ್ಲಿನ ಗಡಿಬಿಡಿ ಕಳೆದ ಮೇಲೆ ಪ್ರತಿ ಊರಿನ ಇಬ್ಬರು ಮೂವರು ಸದಸ್ಯರು ಸೇರಿ, ತಮ್ಮ ಸುತ್ತಲಿನ ಸಂಸ್ಥೆಗಳನ್ನು ಕಂಡು, ಈ ಆರು ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡು ಬರುವುದು ಸೂಕ್ತ. ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರದ ಸೇವೆಗಳ ಪಟ್ಟಿಯಲ್ಲೂ ಉಪಶಮನ ಆರೈಕೆ ಸೇರಿದೆ. ಅಲ್ಲಿ ವಾಸ್ತವವಾಗಿ ಏನು ಸಿಗುತ್ತದೆಂದು ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಬಹುದು. ಉತ್ತರಗಳನ್ನು ಸಂಘದ ಶಾಖೆಯಲ್ಲಿ ಒಂದು ಕಡತ ಮಾಡಿ ಇರಿಸಿದರೆ, ಅಗತ್ಯ ಬಿದ್ದ ಮನೆಯವರು ಬಂದು ನೋಡಿಕೊಳ್ಳಲು ಅನುಕೂಲವಾದೀತು.