ಗುರುಮುಖವೂ ಗೆಜ್ಜೆಗಾಲೂ

ವಿದ್ಯೆಯನ್ನು ಗುರುಮುಖೇನ ಕಲಿಯಬೇಕೆಂಬುದು ನಮ್ಮಲ್ಲಿ ಹಳೆಯ ಮಾತು. ಸಂಸ್ಕೃತದಲ್ಲಿ ಮುಖವೆಂದರೆ ಬಾಯಿಯೂ ಹೌದು, ಮೋರೆಯೂ ಹೌದು. ವೇದಕ್ಕೆ, ವ್ಯಾಕರಣಕ್ಕೆ, ಸಂಗೀತಕ್ಕೆ ಈ ಮಾತು ಚೆನ್ನಾಗಿಯೇ ಒಪ್ಪುತ್ತದೆ. ಬಾನುಲಿಯ ಸಂಗೀತಪಾಠಗಳನ್ನು ಕೇಳಿ ಹಾಡು ಕಲಿತವರು ನಮ್ಮ ನಡುವೆ ಇದ್ದಾರೆ. ಆದರೆ ಬಾನುಲಿ ಕೇಳಿ ಭರತನಾಟ್ಯ ಕಲಿತವರುಂಟೆ? ಅಲ್ಲಿ ಗುರುವಿನ ಬಾಯಷ್ಟೇ ಸಾಲದು. ಕೈಯಲ್ಲಿ ತಟ್ಟುಕೋಲು ಬೇಕು, ಎದುರಿಗೆ ತಟ್ಟುಮಣೆ ಬೇಕು, ಎಲ್ಲಕ್ಕೂ ಮಿಗಿಲಾಗಿ ಶಿಷ್ಯೆಯ ಪಾದದ ಮೇಲೆ ಅವರ ಕಣ್ಣಿರಬೇಕು. ಇದು ಎಲ್ಲರೂ ಬಲ್ಲ ಸಂಗತಿಯಾದ್ದರಿಂದ ಯಾರೂ ಚರ್ಚಿಸುತ್ತಿರಲಿಲ್ಲ. 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಾಗ ಇದು ಮನೆಮನೆಯ ಪ್ರಶ್ನೆಯಾಯಿತು.

ನಾನಿರುವ ಕತ್ರಿಗುಪ್ಪೆಯಂಥ ಬಡಾವಣೆಯಲ್ಲಿ ನಾಟ್ಯದ ಪಾಠಗಳು ಬಹುಮಟ್ಟಿಗೆ ನಡೆಯುವುದು ಮನೆಗಳಲ್ಲಿ. ಮಹಡಿಯ ಮೇಲೊಂದು ಕೋಣೆ, ಇಲ್ಲವೆ ತಾರಸಿಯ ಮೇಲೆ ಶೀಟು ಹೊದಿಸಿದ ಜಾಗ. ಅಲ್ಲಿ ಹತ್ತು ಹನ್ನೆರಡು ಮಕ್ಕಳು. ಕೆಳಗಿನ ಮನೆಯಲ್ಲಿ ಶಿಕ್ಷಕಿಯ ಅತ್ತೆ ಮಾವ. ಪಾಠಕ್ಕೆ ಬರುವ ಹುಡುಗಿಯ ಮನೆಯಲ್ಲಿ ಅಜ್ಜಿ ತಾತ. ಆದ್ದರಿಂದ ಮಗುವನ್ನು ಪಾಠಕ್ಕೆ ಕಳುಹಿಸಬೇಕೆ, ಫೋನಿನ ಮುಂದೆ ನಿಲ್ಲಿಸಬೇಕೆ ಎಂಬುದು ಮಗುವೊಂದರ ಪ್ರಶ್ನೆಯಾಗಿರಲಿಲ್ಲ.

ಭಯ ಆಧಾರವಿಲ್ಲದ್ದಾಗಿರಲಿಲ್ಲ. ದಕ್ಷಿಣ ಕೊರಿಯಾದ ಚಿಯೊನಾನ್ ನಗರದಲ್ಲಿ 2020ರ ಫೆಬ್ರವರಿಯಲ್ಲಿ ವ್ಯಾಯಾಮನೃತ್ಯದ ಶಿಕ್ಷಕರು ಒಂದು ಕಾರ್ಯಾಗಾರದಲ್ಲಿ ಸೇರಿದ್ದರು. ಅವರು ತಮ್ಮ ತಮ್ಮ ತರಗತಿಗಳಿಗೆ ಮರಳಿದ ಮೇಲೆ 12 ಕೇಂದ್ರಗಳಿಗೆ ಸಂಬಂಧಿಸಿದಂತೆ 112 ಮಂದಿಗೆ ಸೋಂಕು ತಗುಲಿತು. ಕುಣಿಯುವವರು ಏದುಸಿರು ಬಿಡುತ್ತಾರೆ. ಮುಚ್ಚಿದ ಕೋಣೆಯ ಗಾಳಿಯನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ. ಅದೇ ಸಮೀಕ್ಷೆಯಲ್ಲಿ ಇನ್ನೆರಡು ಸಂಗತಿಗಳು ಹೊರಬಿದ್ದವು. ಐವರಿಗಿಂತ ಕಡಮೆ ಜನರಿದ್ದ ತರಗತಿಗಳಲ್ಲಿ ಸೋಂಕು ಹರಡಿದ್ದು ಕಾಣಲಿಲ್ಲ. ಯೋಗ ಹೇಳಿಕೊಡುತ್ತಿದ್ದ ಶಿಕ್ಷಕಿಯೊಬ್ಬರಿಗೆ ಸೋಂಕು ತಗುಲಿದ್ದರೂ ಅವರ ವಿದ್ಯಾರ್ಥಿಗಳಿಗೆ ಅದು ಅಂಟಲಿಲ್ಲ. ಜನ ಎಷ್ಟು, ಉಸಿರಿನ ಬಿರುಸು ಎಷ್ಟು, ಇವೆರಡೇ ಅಲ್ಲಿ ಮುಖ್ಯವಾಗಿದ್ದುವು.

ಹಾಗಾದರೆ ಫೋನಿನ ಪಾಠವೇ ಕ್ಷೇಮವೆಂದು ತೀರ್ಮಾನಿಸಬಹುದಿತ್ತು. ಕ್ಷೇಮವೇನೋ ಹೌದು, ಪಾಠ ಹೌದೆ ಎಂಬುದನ್ನು ನೋಡಬೇಕು. ತಟ್ಟುಮಣೆಯ ಸದ್ದು ಹತ್ತು ಅಡಿ ದೂರದ ಮಗುವಿನ ಕಿವಿಗೆ ಮುಟ್ಟಲು ಸೆಕೆಂಡಿನ ನೂರನೆಯ ಒಂದು ಪಾಲು ಸಾಕು. ಅಂತರ್ಜಾಲದಲ್ಲಿ ಅದು ಒಮ್ಮೊಮ್ಮೆ ಕಾಲು ಸೆಕೆಂಡು ತಡವಾಗುವುದುಂಟು, ಅದೂ ಒಂದೊಂದು ಮನೆಗೆ ಒಂದೊಂದು ಬಗೆಯಾಗಿ. ತಾಳದ ಒಂದು ಏಟಿಗೆ ಒಂದು ಸೆಕೆಂಡು ಎಂದಿಟ್ಟುಕೊಳ್ಳೋಣ. ಅಡವನ್ನು ಮೊದಲ ಕಾಲದಲ್ಲಿ ಮಾಡುವಾಗ ಏಟಿಗೊಂದು ಹೆಜ್ಜೆ, ಎರಡನೆಯ ಕಾಲದಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಅಂದರೆ ಮೂರನೆಯ ಕಾಲದಲ್ಲಿ ಕಾಲು ಸೆಕೆಂಡೆಂದರೆ ಇಡಿಯ ಒಂದು ಹೆಜ್ಜೆ. ಮಗು ತಪ್ಪಿತೋ ತಂತಿ ತಪ್ಪಿತೋ ಗುರುವಿಗೆ ತಿಳಿಯುವ ಬಗೆಯೇ ಇಲ್ಲ. ಅನುಭವವುಳ್ಳ ಶಿಕ್ಷಕಿಯರು ಬೇಗನೆ ಒಂದು ಉಪಾಯ ಕಂಡುಕೊಂಡರು: ಸೊಲ್ಲುಕಟ್ಟನ್ನು ತಾವು ಹೇಳುವುದನ್ನು ಬಿಟ್ಟು ಮಗುವಿನ ಬಾಯಲ್ಲೇ ಹೇಳಿಸಿದರು. ತನ್ನ ಬಾಯಿಗೂ ತನ್ನ ಕಾಲಿಗೂ ನಡುವೆ ಅಂತರ್ಜಾಲವಿಲ್ಲವಷ್ಟೆ! ಹಿಂದೆ ಸೊಲ್ಲನ್ನು ಕಿವಿಯಿಂದಷ್ಟೇ ಬಲ್ಲ ಮಕ್ಕಳು ಈ ನೆಪದಿಂದ ಅದನ್ನು ಬಾಯಿಪಾಠ ಮಾಡಿಕೊಂಡರು. ಇದು ಲಾಭವೇ ಸರಿ.

ಆದರೆ ಫೋನನ್ನು ಕಿಟಕಿಗೆ ಒರಗಿಸಿಟ್ಟರೆ ಅದಕ್ಕೆ ಕಾಣುವುದು ಮಗುವಿನ ಸೊಂಟದ ಮೇಲಿನ ಭಾಗ. ಪಾದ ಕಾಣುವಷ್ಟು ಹಿಂದೆ ಸರಿಯಲು ನಮ್ಮ ಮನೆಗಳ ನಡುಮನೆಯಲ್ಲಿ ಸ್ಥಳವೆಲ್ಲಿ? ಅರೆಮಂಡಿಯಲ್ಲಿ ಮಂಡಿಗಳು ಪಕ್ಕಕ್ಕೆ ತೆರೆದಿರಬೇಕು. ಮುಂದಕ್ಕೆ ಬಾಗಿದರೆ ಭಾರವೆಲ್ಲ ಕೀಲಿನ ಮೇಲೆ. ನುಣುಪಾದ ಗಟ್ಟಿ ಟೈಲ್ಸಿನ ನೆಲದ ಮೇಲೆ ಆರು ತಿಂಗಳು ಹೀಗೆ ತಟ್ಟಿದ ಎಳೆಯ ಮಂಡಿಯ ಗತಿಯನ್ನು ಯೋಚಿಸಿ.

2020ರ ಕೊನೆಯ ವೇಳೆಗೆ ನಿರ್ಬಂಧಗಳು ಸಡಿಲಿ ಮಕ್ಕಳು ಮತ್ತೆ ಮಹಡಿ ಹತ್ತಿದಾಗ ಇನ್ನೊಂದು ವಿಚಿತ್ರ ಎದುರಾಯಿತು. ಈಗ ಪಾದಗಳು ಕಂಡವು. ಮುಖ ಮಾಸ್ಕಿನೊಳಗೆ ಅಡಗಿತು. ಜಟ್ಟಿ ತಾಯಮ್ಮನವರಿಂದ ಕೆ. ವೆಂಕಟಲಕ್ಷಮ್ಮನವರಿಗೆ ಬಂದ ಮೈಸೂರು ಪರಂಪರೆ ಅಭಿನಯಕ್ಕೇ ಹೆಸರಾದುದು. ತುಟಿಯ ಒಂದು ಕೊಂಕು, ಕೆನ್ನೆಯ ಒಂದು ಕಂಪನ ಕಾಣದಿದ್ದರೆ ಅಭಿನಯದಲ್ಲಿ ಉಳಿಯುವುದೇನು? ಫೋನಿನಲ್ಲಾದರೋ ಮುಖ ಅಂಗೈಯಷ್ಟು ಹತ್ತಿರ ಕಾಣುತ್ತಿತ್ತು. ಹೀಗೆ ತಾಯಿತಂದೆಯರ ಮುಂದಿದ್ದುದು ಪಾದವಿಲ್ಲದ ನಾಟ್ಯ, ಮುಖವಿಲ್ಲದ ನಾಟ್ಯ, ಇವೆರಡರ ನಡುವಿನ ಆಯ್ಕೆ.

ಆದಕಾರಣ ಎರಡರಲ್ಲಿ ಯಾವುದು ಮೇಲೆಂದು ಕೇಳುವುದಕ್ಕಿಂತ, ಈ ವರ್ಷ ಈ ಮಗು ಕಲಿಯಬೇಕಾದುದು ಏನೆಂದು ಕೇಳುವುದು ಲೇಸಾಗಿತ್ತು. ಆರೇಳು ವರ್ಷದ, ಆಗತಾನೆ ಸೇರಿದ ಮಗುವಿಗೆ ಫೋನಿನಲ್ಲಿ ಅಡವು ಕಲಿಸಬಾರದಿತ್ತೆಂದೇ ನನ್ನ ಅಭಿಪ್ರಾಯ. ಹಸ್ತಮುದ್ರೆಗಳು, ಕೈಯಲ್ಲಿ ತಾಳ ಹಾಕುವುದು, ಕೃಷ್ಣನ ಕಥೆ, ಇಷ್ಟು ಸಾಕು, ಕಾಲು ಕಾಯಲಿ. ಮೂರು ನಾಲ್ಕು ವರ್ಷ ಕಲಿತು ಅಡವು ಕೂತಿರುವ ಹುಡುಗಿಗೆ ಅಭಿನಯವನ್ನೂ, ಜೂನಿಯರ್ ಸೀನಿಯರ್ ಪರೀಕ್ಷೆಗಳ ಶಾಸ್ತ್ರಭಾಗವನ್ನೂ ಫೋನಿನಲ್ಲಿ ಧಾರಾಳವಾಗಿ ಕಲಿಸಬಹುದು. ಹೊಸ ಜತಿಗಳಿಗೆ ಮಾತ್ರ ಎದುರುಬದುರು ನಿಲ್ಲಲೇಬೇಕು. ಅದಕ್ಕೆ ತಾರಸಿಯಿತ್ತು! ಬಿಸಿಲೇರುವ ಮೊದಲು, ಬಯಲುಗಾಳಿಯಲ್ಲಿ, ಒಂದು ಸಲಕ್ಕೆ ನಾಲ್ವರು. ಶಿಕ್ಷಕಿಗೆ ಇದರಿಂದ ಮೂರುಪಟ್ಟು ದುಡಿಮೆಯಾಗುವುದು ನಿಜ. ಸಂಬಳ ಕೊಡುವವರು ಅದನ್ನು ಲೆಕ್ಕಕ್ಕೆ ಹಿಡಿಯಬೇಕಿತ್ತು. ರಂಗಪ್ರವೇಶಗಳು ನಿಂತುಹೋಗಿ ಮೃದಂಗದವರೂ ಹಾಡುವವರೂ ಬರಿಗೈಯಾಗಿದ್ದ ಕಾಲವದು.

ಫೋನು ಎಲ್ಲರ ಮನೆಯಲ್ಲೂ ಒಂದೇ ಬಗೆಯಾಗಿರಲಿಲ್ಲವೆಂಬುದನ್ನೂ ಮರೆಯಲಾಗದು. ಇದ್ದೊಂದರಲ್ಲಿ ಅಣ್ಣನ ಶಾಲೆ ಮುಗಿದ ಮೇಲೆ ತಂಗಿಯ ನಾಟ್ಯ. 2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಕೆಳತರಗತಿಗಳ ಆನ್‌ಲೈನ್ ಪಾಠಗಳನ್ನೇ ನಿಲ್ಲಿಸಿತು. ಜುಲೈನಲ್ಲಿ ಹೈಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. 2021ರ ಏಪ್ರಿಲ್ ಕೊನೆಯಲ್ಲಿ ಎರಡನೆಯ ಅಲೆಯಿಂದಾಗಿ ಮತ್ತೆ ಬಾಗಿಲು ಬಿತ್ತು; ಆಗ ತಾರಸಿಯ ಪಾಠವನ್ನೂ ಬಿಡುವುದೇ ವಿವೇಕವಾಗಿತ್ತು. ಲಸಿಕೆ 2022ರ ಜನವರಿಯಲ್ಲಿ 15 ವರ್ಷ ದಾಟಿದವರಿಗೆ, ಮಾರ್ಚ್‌ನಲ್ಲಿ 12 ದಾಟಿದವರಿಗೆ ಬಂತು. ಗೆಜ್ಜೆ ಕಟ್ಟುವ ಏಳೆಂಟರ ಮಕ್ಕಳ ಸರದಿ ಬರಲೇ ಇಲ್ಲ.

ರೋಗದ ಹಾವಳಿ ಇಳಿದರೂ ಫೋನಿನ ಪಾಠ ಹೋಗಲಿಲ್ಲ. ಅಮೆರಿಕದಲ್ಲಿ ನೆಲಸಿದ ಕನ್ನಡದ ಮನೆಗಳ ಮಕ್ಕಳು ಈಗ ಬೆಂಗಳೂರಿನ ಗುರುಗಳಿಂದ ಹೀಗೆಯೇ ಕಲಿಯುತ್ತಾರೆ. ಇಲ್ಲಿ ಬೆಳಗಿನ ಕಾಫಿಯ ಹೊತ್ತು, ಅಲ್ಲಿ ಸಂಜೆ. ನಮ್ಮ ಬೀದಿಯ ಶಿಕ್ಷಕಿಯೊಬ್ಬರಿಗೂ ಅಂಥ ಶಿಷ್ಯೆಯರಿದ್ದಾರೆ. ರಜೆಗೆ ಬಂದ ಹುಡುಗಿಗೆ ಅವರು ಮೊದಲ ವಾರ ಹೊಸ ಪಾಠವನ್ನೇ ಕೊಡುವುದಿಲ್ಲ. ಅರೆಮಂಡಿ, ತಟ್ಟಡವು, ಅಷ್ಟೆ. ತಾವು ನೆಲದ ಮೇಲೆ ಕುಳಿತು ಅವಳ ಪಾದಗಳನ್ನು ನೋಡುತ್ತಾರೆ.