ದಂಡಿನ ಬಿಡಾರಕ್ಕೆ ನಮ್ಮ ಸೀಮೆಯ ಕರಿಕಂಬಳಿ

ಬ್ರಿಟನ್ನಿನ ವೇಲ್ಸ್ ಪ್ರಾಂತದ ಪೋವಿಸ್ ಕೋಟೆಯಲ್ಲಿ ಟಿಪ್ಪು ಸುಲ್ತಾನನ ಡೇರೆಯೊಂದಿದೆ. ಹೂದಾನಿಗಳ ಚಿತ್ತಾರವಿರುವ ಹತ್ತಿ ಬಟ್ಟೆಯ ಡೇರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಆಗ ಮದರಾಸಿನ ಗವರ್ನರ್ ಆಗಿದ್ದ ಎಡ್ವರ್ಡ್ ಕ್ಲೈವನ ಮನೆತನದ ಪಾಲಾಗಿ ಅದು ಕಡಲು ದಾಟಿತು. ಅರಸನ ಡೇರೆ ಹಾಗೆ ಉಳಿಯಿತು. ಅಂಥ ದಂಡುಗಳ ಜೊತೆ ಎತ್ತು ಹೊಡೆದುಕೊಂಡು ನಡೆದವರು, ಸೌದೆ ಹೊತ್ತವರು, ಕುದುರೆಗೆ ಹುಲ್ಲು ತಂದವರು ಏನನ್ನು ಹೊದ್ದು ಮಲಗುತ್ತಿದ್ದರು? ಅದನ್ನು ತಿಳಿಯಲು ವೇಲ್ಸಿಗೆ ಹೋಗಬೇಕಿಲ್ಲ; ಹುಳಿಯಾರು, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕಂಬಳಿ ನೇಯುವವರ ಮನೆಗೆ ಬಂದರೆ ಸಾಕು.

ಈ ಸೀಮೆಗೂ ದಂಡಿಗೂ ಹಳೆಯ ನಂಟು. 1791ರಲ್ಲಿ ಮರಾಠರ ಒಂದು ಸೇನೆ ಶಿರಾ ದಾರಿಯಲ್ಲಿ ಶ್ರೀರಂಗಪಟ್ಟಣದ ಕಡೆ ನಡೆಯಿತು. ಮೈಸೂರಿನ ತೋಪು, ಮದ್ದು, ದಿನಸಿ ಎಳೆದ ಅಮೃತಮಹಲ್ ಎತ್ತುಗಳಿಗಾಗಿ ಬಿಟ್ಟ ಕಾವಲುಗಳು ಈ ಭಾಗದಲ್ಲಿವೆ. ಆ ತಳಿಯನ್ನು ಸಾಕುವ ಕೇಂದ್ರ ತಿಪಟೂರಿನ ಕೊನೇಹಳ್ಳಿಯಲ್ಲಿದೆ.

ಕಂಬಳಿಯ ಕೆಲಸ ಕುರಿಯ ಮೈಯಿಂದಲೇ ಶುರು. ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಾರೆ. ಮರಿಯ ಮೊದಲ ಕತ್ತರಿಯ ಉಣ್ಣೆ ಮೆತ್ತಗೂ ಇರುತ್ತದೆ, ಒಳ್ಳೆಯ ಕಪ್ಪೂ ಇರುತ್ತದೆ. ಬಣ್ಣ ಹಾಕುವ ಪ್ರಶ್ನೆಯೇ ಇಲ್ಲ. ಹೆಂಗಸರು ಅದನ್ನು ಹಿಂಜಿ ನೂಲು ತೆಗೆಯುತ್ತಾರೆ. ಆಮೇಲೆ ಬರುವುದು ಹುಣಸೆಬೀಜದ ಸರಿ. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ ಅರೆದು, ಅಂಟು ಬರುವವರೆಗೆ ಕುದಿಸಬೇಕು. ಉದ್ದಕ್ಕೆ ಬಿಗಿದು ಕಟ್ಟಿದ ಹಾಸಿನ ಎಳೆಗಳಿಗೆ ಅದನ್ನು ಸವರಿ, ಕುಂಚದಿಂದ ಬಾಚುತ್ತ ಬಿಸಿಲಿಗೆ ಒಣಗಿಸುತ್ತಾರೆ. ಒಣಗಿದ ಎಳೆ ತಂತಿಯಂತೆ ಸೆಟೆದು ನಿಲ್ಲುತ್ತದೆ. ಈ ಹಂತದಲ್ಲಿ ಅವಸರ ಮಾಡಿದರೆ ಮಗ್ಗದಲ್ಲಿ ಎಳೆ ತುಂಡಾಗುತ್ತಲೇ ಇರುತ್ತದೆ. ಹೊಸ ಕಂಬಳಿಗೆ ಆ ಬಿರುಸು ಬರುವುದೂ ಈ ಸರಿಯಿಂದಲೇ. ನೇಯ್ಗೆ ಗುಂಡಿ ಮಗ್ಗದಲ್ಲಿ: ನೇಕಾರ ಗುಂಡಿಯೊಳಗೆ ಕಾಲಿಳಿಸಿ ಕೂತು ಲಾಳಿ ಆಡಿಸುತ್ತಾನೆ.

ದಂಡಿನ ಬಿಡಾರ ಹೇಗಿತ್ತೆಂದು ಕೇಳುವವರು ಒಂದು ರಾತ್ರಿ ಹೊಲದಲ್ಲಿ ಮಂದೆ ಹಾಕಿದ ಕುರಿಗಾಹಿಗಳನ್ನು ನೋಡಬೇಕು. ಗೊಬ್ಬರದ ಆಸೆಗೆ ರೈತರು ಕುರಿಮಂದೆಯನ್ನು ತಮ್ಮ ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಕುರಿಗಾಹಿಯ ಸಂಸಾರವೆಲ್ಲ ಒಂದು ಕತ್ತೆಯ ಬೆನ್ನಿಗೆ ಹೊರೆ. ಅದರಲ್ಲಿ ಮೊದಲು ಲೆಕ್ಕಕ್ಕೆ ಬರುವುದು ಕಂಬಳಿ. ಅದೇ ಹಾಸಿಗೆ, ಅದೇ ಹೊದಿಕೆ. ಮೂಲೆ ಮಡಿಚಿ ತಲೆಗೇರಿಸಿದರೆ ಮಳೆಗೆ ಕೊಪ್ಪೆ. ಕೋಲು ನೆಟ್ಟು ಮೇಲೆ ಎಳೆದರೆ ಎಳೆಮರಿಗಳಿಗೆ ಮರೆ. ಕಾಳು ಸಿಕ್ಕರೆ ಗಂಟು ಕಟ್ಟಲು ಚೀಲ. ಜಡಿಮಳೆ ಬಹಳ ಹೊತ್ತು ಹಿಡಿದರೆ ನೀರು ಒಳಗಿಳಿಯುತ್ತದೆ ನಿಜ, ಆದರೆ ನೆನೆದ ಮೇಲೂ ಉಣ್ಣೆ ಮೈಯನ್ನು ಬೆಚ್ಚಗಿಡುತ್ತದೆ. ಹತ್ತಿಗೆ ಆ ಗುಣವಿಲ್ಲ.

ಹಳೆಯ ಕಾಲದ ಬಿಡಾರವನ್ನು ಮತ್ತೆ ಕಟ್ಟಿ ನೋಡುವುದು ಹೊರದೇಶಗಳಲ್ಲಿ ದೊಡ್ಡ ಹವ್ಯಾಸ. ಅಮೆರಿಕದ ಬರ್ಕ್ಲಿಯಲ್ಲಿ 1966ರಲ್ಲಿ ಇದಕ್ಕೆಂದೇ ಒಂದು ಬಳಗ ಹುಟ್ಟಿತು. ಅದರವರು ಪ್ರತಿ ಬೇಸಿಗೆ ಪೆನ್ಸಿಲ್ವೇನಿಯಾದಲ್ಲಿ ಡೇರೆಗಳ ಊರನ್ನೇ ಎಬ್ಬಿಸುತ್ತಾರೆ. ಮರದ ಚೌಕಟ್ಟಿಗೆ ತೂತು ಕೊರೆದು, ಹಗ್ಗ ಹೆಣೆದು ಮಂಚ ಮಾಡುತ್ತಾರೆ. ಅಳಿದುಹೋದದ್ದನ್ನು ಅವರು ಹಳೆಯ ಚಿತ್ರ ನೋಡಿ ಕಲಿಯಬೇಕಾಗಿದೆ. ನಮಗಾದರೋ ತೆಂಗಿನ ನಾರಿನ ಹುರಿ ಹೊಸೆಯುವವರೂ ಇದ್ದಾರೆ, ಕಂಬಳಿ ನೇಯುವವರೂ ಇದ್ದಾರೆ. ಹೀಗಿದ್ದೂ ಐತಿಹಾಸಿಕ ನಾಟಕಗಳಲ್ಲಿ, ಉತ್ಸವದ ಮೆರವಣಿಗೆಗಳಲ್ಲಿ ಪಾಳೆಯಗಾರನ ಭಂಟನ ಹೆಗಲ ಮೇಲೆ ಮಿರುಗುವ ಪಾಲಿಯೆಸ್ಟರ್ ಶಾಲು ಕಾಣುತ್ತದೆ. ಇದು ಆ ಭಂಟನಿಗೂ ಅನ್ಯಾಯ, ನೇಕಾರನಿಗೂ ಅನ್ಯಾಯ.

ನಾಟಕ ಆಡಿಸುವ ಮೇಷ್ಟ್ರುಗಳು, ಉತ್ಸವ ಸಮಿತಿಯವರು, ಸಿನಿಮಾದ ಕಲಾ ನಿರ್ದೇಶಕರು ದಯವಿಟ್ಟು ಒಮ್ಮೆ ಈ ಕಡೆ ಬನ್ನಿ. ಉಣ್ಣೆ ಸಿಗುವ ಕಾಲ ನೋಡಿಕೊಂಡು ಎರಡು ಮೂರು ತಿಂಗಳು ಮೊದಲೇ ಹೇಳಿ, ಮುಂಗಡ ಕೊಡಿ. ಮರಿಯುಣ್ಣೆಯದೇ ಬೇಕೆಂದರೆ ಬೆಲೆ ಹೆಚ್ಚು. ಅದಕ್ಕೆ ಚೌಕಾಸಿ ಮಾಡಬೇಡಿ.